ಕಾಫಿ ಸಸಿ ಮಾಡುವಾಗ ನಾನು ಬೇರಿನ ತುದಿಯನ್ನೇ ಯಾಕೆ ನೋಡುತ್ತೇನೆ

ಸಸಿ ಕೊಳ್ಳುವವರು ಮೊದಲು ಎಲೆ ನೋಡುತ್ತಾರೆ. ಹಸಿರಾಗಿದೆಯಾ, ಎಷ್ಟು ಜೋಡಿ ಬಂದಿದೆ ಅಂತ. ನಾನು ಚೀಲದ ತಳ ನೋಡುತ್ತೇನೆ. ಚಿಕ್ಕಮಗಳೂರು ಕಡೆಯ ಆಲ್ದೂರಿನ ಹತ್ತಿರ ನಮ್ಮ ತೋಟ. ಒಮ್ಮೆ ಹೊರಗಿನ ನರ್ಸರಿಯಿಂದ ಅರೇಬಿಕಾ ಸಸಿ ತಂದಿದ್ದೆವು. ಮೊದಲೆರಡು ವರ್ಷ ಚೆನ್ನಾಗಿಯೇ ಇದ್ದವು. ಆಮೇಲೆ ಬೇಸಿಗೆ ಬಂದರೆ ಸಾಕು, ಪಕ್ಕದ ಗಿಡಕ್ಕೆ ಏನೂ ಆಗದಿದ್ದರೂ ಇವು ಬಾಡುತ್ತಿದ್ದವು. ಒಂದನ್ನು ಅಗೆದು ನೋಡಿದರೆ, ತಾಯಿಬೇರು ಒಂದು ಗೇಣು ಇಳಿಯುವ ಮೊದಲೇ ಕೊಕ್ಕೆಯ ಹಾಗೆ ಮಡಚಿಕೊಂಡಿತ್ತು. ಪುಟ್ಟ ಮೊಳಕೆಯನ್ನು ಚೀಲಕ್ಕೆ ಹಾಕುವಾಗ ಆದ ಮಡಿಕೆ ಅದು. ಅಂದಿನಿಂದ ಸಸಿ ನಾವೇ ಮಾಡಿಕೊಳ್ಳುತ್ತೇವೆ.

ಅಷ್ಟು ವರ್ಷ ಕಳೆದರೂ ಆ ಮಡಿಕೆ ಯಾಕೆ ನೆಟ್ಟಗಾಗಲಿಲ್ಲ? ಇದಕ್ಕೆ ಉತ್ತರ ಮನೆಯಲ್ಲೇ ನೋಡಬಹುದು. ಮೊಳಕೆ ಬಂದ ಕಡಲೆಕಾಳಿನ ಬೇರಿನ ಮೇಲೆ ಮಾರ್ಕರ್ ಪೆನ್ನಿನಿಂದ ತುದಿಯಿಂದ ಬುಡದವರೆಗೆ ಒತ್ತೊತ್ತಾಗಿ ಗೆರೆ ಎಳೆದೆ. ಒದ್ದೆ ಕಾಗದಕ್ಕೆ ಅಂಟಿಸಿ, ಗಾಜಿನ ಲೋಟದ ಒಳಗೋಡೆಗೆ ಒತ್ತಿ ನಿಲ್ಲಿಸಿದೆ. ಮರುದಿನ ನೋಡಿದರೆ ಬುಡದ ಗೆರೆಗಳು ಇದ್ದಲ್ಲೇ ಇದ್ದವು. ತುದಿಯ ಹತ್ತಿರದ ಗೆರೆಗಳು ಮಾತ್ರ ದೂರ ದೂರ ಸರಿದು ಮಸುಕಾಗಿದ್ದವು. ಜರ್ಮನಿಯ ಸಸ್ಯವಿಜ್ಞಾನಿ ಜೂಲಿಯಸ್ ಸಾಕ್ಸ್ 19ನೇ ಶತಮಾನದಲ್ಲೇ ಹೀಗೆ ಗುರುತು ಹಾಕಿ ತೋರಿಸಿದ್ದರು. ಬೇರು ಉದ್ದವಾಗುವುದು ತುದಿಯ ಕೆಲವೇ ಮಿಲಿಮೀಟರಿನಲ್ಲಿ.

ಆ ಜಾಗದಲ್ಲೇ ವರ್ಧನ ಅಂಗಾಂಶ ಇರುವುದು. ಅಲ್ಲಿನ ಜೀವಕೋಶಗಳ ಕೆಲಸ ಒಡೆದು ಎರಡಾಗುತ್ತಲೇ ಇರುವುದು. ಮುಂದಕ್ಕೆ ಹೋದವು ಬೇರಿನ ಟೋಪಿ ಆಗುತ್ತವೆ. ಮಣ್ಣಿಗೆ ಉಜ್ಜಿ ಟೋಪಿ ಸವೆಯುತ್ತದೆ, ಒಳಗಿನಿಂದ ಹೊಸದು ಬರುತ್ತದೆ. ಹಿಂದಕ್ಕೆ ಉಳಿದವು ನೀರು ಹೀರಿ ಉದ್ದಕ್ಕೆ ಹಿಗ್ಗುತ್ತವೆ, ತುದಿಯನ್ನು ಮುಂದೆ ತಳ್ಳುವುದು ಅವೇ. ಹಿಗ್ಗಿ ಮುಗಿದ ಭಾಗ ಮತ್ತೆ ಉದ್ದವಾಗುವುದಿಲ್ಲ, ಆಮೇಲೆ ದಪ್ಪ ಮಾತ್ರ ಆಗುತ್ತದೆ. ಟೋಪಿಯೊಳಗಿನ ಪಿಷ್ಟದ ಕಣಗಳು ಕೆಳಕ್ಕೆ ಕೂರುವುದರಿಂದ ಬೇರಿಗೆ ನೆಲದ ದಿಕ್ಕು ಗೊತ್ತಾಗುತ್ತದೆ. ಹಾಗಾಗಿ ಮಡಚಿದ ಬೇರಿನ ತುದಿ ಮತ್ತೆ ಕೆಳಕ್ಕೆ ತಿರುಗಬಹುದು. ಆದರೆ ಮಡಿಕೆ ಇದ್ದಲ್ಲೇ ಇದ್ದು, ದಪ್ಪವಾಗಿ ಬಿಗಿಯುತ್ತದೆ.

ಕಾಳಿನ ಮೊಳಕೆ ಮೇಲೆ ಬಿಳಿ ನವಿರು ಕಂಡು ಬೂಸ್ಟು ಬಂತು ಅಂತ ಎಸೆಯುವವರಿದ್ದಾರೆ. ಅದು ಎಷ್ಟೋ ಸಲ ಬೇರುಕೂದಲು, ಅಷ್ಟೇ. ನೀರು ಹೀರುವ ಕೆಲಸ ಅದರದ್ದು. ತುದಿ ನುಣ್ಣಗೆ ಹೊಳೆಯುತ್ತಿರುತ್ತದೆ, ಕೂದಲು ಸ್ವಲ್ಪ ಹಿಂದೆ ಶುರುವಾಗುತ್ತದೆ. ಒಂದೊಂದು ಕೂದಲೂ ಒಂದೇ ಜೀವಕೋಶ. ಬಿಸಿಲು, ಗಾಳಿ ತಾಗಿದರೆ ಬೇಗ ಒಣಗಿಹೋಗುತ್ತದೆ.

ನಮ್ಮಲ್ಲಿ ಬಿತ್ತನೆ ಡಿಸೆಂಬರ್, ಜನವರಿಯಲ್ಲಿ. ಬೀಜಗಳನ್ನು ಚಪ್ಪಟೆ ಮುಖ ಕೆಳಗೆ ಮಾಡಿ ಪಾತಿಯಲ್ಲಿ ಜೋಡಿಸುತ್ತೇವೆ. ಮೇಲೆ ತೆಳ್ಳಗೆ ನಯವಾದ ಮಣ್ಣು, ಅದರ ಮೇಲೆ ಭತ್ತದ ಹುಲ್ಲು. ಸುಮಾರು ಒಂದೂವರೆ ತಿಂಗಳಿಗೆ ಮೊಳಕೆ ಬರುತ್ತದೆ. ಬೀಜದೆಲೆ ಬಿಚ್ಚುವ ಮೊದಲು, ಬೀಜ ಇನ್ನೂ ತಲೆ ಮೇಲೆ ಕೂತಿರುವಾಗಲೇ ಚೀಲಕ್ಕೆ ಹಾಕುತ್ತೇವೆ. ಆಗ ಪಕ್ಕಬೇರು ಜಾಸ್ತಿ ಇರುವುದಿಲ್ಲ, ಕೀಳುವಾಗ ಹರಿಯುವುದೂ ಕಡಿಮೆ. ಚೀಲಕ್ಕೆ ಕಾಡುಮಣ್ಣು ಆರು ಪಾಲು, ಕೊಟ್ಟಿಗೆ ಗೊಬ್ಬರ ಎರಡು, ಮರಳು ಒಂದು.

ನಿಜವಾದ ಕೆಲಸ ಇರುವುದು ಇಲ್ಲಿ. ಪಾತಿಗೆ ನೀರು ಹಾಕಿ ಮಣ್ಣು ಸಡಿಲವಾದ ಮೇಲೆ ಮೊಳಕೆ ಎತ್ತುತ್ತೇವೆ. ಎತ್ತಿದ್ದನ್ನು ಒದ್ದೆ ಗೋಣಿಯಲ್ಲಿ ಮುಚ್ಚಿಡಬೇಕು. ಚೀಲದ ನಡುವೆ ಕಡ್ಡಿಯಿಂದ ತೂತು ಮಾಡುತ್ತೇವೆ, ಬೇರಿಗಿಂತ ಆಳ ಇರಬೇಕು. ಬೇರನ್ನು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇಳಿಸಿ, ಮತ್ತೆ ಮೆಲ್ಲಗೆ ಮೇಲಕ್ಕೆ ಎಳೆಯುವುದು. ಆಗ ಬೇರು ನೆಟ್ಟಗಾಗುತ್ತದೆ. ಮಣ್ಣನ್ನು ಮೇಲಿಂದ ಒತ್ತದೆ ಪಕ್ಕದಿಂದ ಒತ್ತಬೇಕು. ಕೆಲಸಕ್ಕೆ ಬರುವ ಹೆಂಗಸರಿಗೆ ಚೀಲಕ್ಕಿಷ್ಟು ದುಡ್ಡು ಅಂತ ಗುತ್ತಿಗೆ ಕೊಟ್ಟರೆ ಈ ಎಳೆಯುವ ಹೆಜ್ಜೆಯೇ ತಪ್ಪಿಹೋಗುತ್ತದೆ. ಅದಕ್ಕೇ ನಾನು ದಿನದ ಕೂಲಿಯೇ ಕೊಡುವುದು. ಪಾತಿಯಲ್ಲೇ ಡೊಂಕಾದ ಮೊಳಕೆ ಕಂಡರೆ ಮರುಕವಿಲ್ಲದೆ ಎಸೆಯುತ್ತೇವೆ.

ಬೇರು ತೀರಾ ಉದ್ದ ಇದ್ದರೆ ತುದಿ ಚಿವುಟುತ್ತೇನೆ. "ಅಂಕಲ್, ತುದಿ ಕತ್ತರಿಸಿದರೆ ಬೆಳೆಯಲ್ಲ ಅಂತ ಪಾಠದಲ್ಲಿದೆ" ಅಂದಳು ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿ. ಪಾಠದಲ್ಲಿರುವುದು ಈರುಳ್ಳಿ ಪ್ರಯೋಗ. ಈರುಳ್ಳಿ ಬೇರಿನ ತುದಿ ತೆಗೆದರೆ ಅದು ಅಲ್ಲಿಗೇ ನಿಲ್ಲುತ್ತದೆ, ಸರಿ. ಅದರ ಬೇರು ಕವಲೊಡೆಯುವುದೇ ಅಪರೂಪ. ಕಾಫಿ ಹಾಗಲ್ಲ. ತಾಯಿಬೇರಿನ ತುದಿ ಹೋದರೆ ಹಿಂದಿನ ಭಾಗದ ಒಳಪದರದಲ್ಲಿ ಹೊಸ ಬೆಳೆಯುವ ತುದಿಗಳು ಹುಟ್ಟಿ, ಸಿಪ್ಪೆ ಸೀಳಿಕೊಂಡು ಪಕ್ಕಬೇರುಗಳಾಗಿ ಹೊರಬರುತ್ತವೆ. ಚಿವುಟಿದ ಬೇರು ಸುಧಾರಿಸಿಕೊಳ್ಳುತ್ತದೆ, ಮಡಚಿದ ಬೇರು ಇಲ್ಲ.

ಮುಂಗಾರು ಹಿಡಿದ ಮೇಲೆ ತೋಟದಲ್ಲಿ ನೆಡುವಾಗ ಚೀಲದ ತಳವನ್ನು ಕತ್ತಿಯಿಂದ ಕೊಯ್ದು, ಅಲ್ಲಿ ಸುತ್ತಿಕೊಂಡ ಬೇರನ್ನೂ ತೆಗೆಯುತ್ತೇವೆ. ಮೆಣಸಿನ ಬಳ್ಳಿಗೆ ಈ ರಗಳೆ ಇಲ್ಲ. ತುಂಡಿನಿಂದ ಮಾಡುವ ಬಳ್ಳಿಗೆ ತಾಯಿಬೇರೇ ಇರುವುದಿಲ್ಲ, ಬೇರು ಗಿಣ್ಣಿನಿಂದ ಬರುತ್ತದೆ. ಅಲ್ಲಿ ನಾನು ನೋಡುವುದು ಒಂದು ಗಿಣ್ಣಾದರೂ ಮಣ್ಣೊಳಗೆ ಇದೆಯಾ ಅಂತ ಮಾತ್ರ.