ಊದದೆ ಮಾಡಿದ ಗಾಜಿನ ಸೀಸೆ

ಗಾಜಿನ ಪಾತ್ರೆ ಎಂದ ಕೂಡಲೇ ಉದ್ದನೆಯ ಕೊಳವೆಗೆ ಬಾಯಿಟ್ಟು ಊದುವ ಕುಶಲಕರ್ಮಿ ಕಣ್ಣ ಮುಂದೆ ಬರುತ್ತಾನೆ. ಆದರೆ ಆ ವಿದ್ಯೆ ಹುಟ್ಟಿದ್ದು ಕ್ರಿ.ಪೂ. ಮೊದಲ ಶತಮಾನದಲ್ಲಿ, ಮೆಡಿಟರೇನಿಯನ್ ಸಮುದ್ರದ ಪೂರ್ವ ಕರಾವಳಿಯ ಸೀಮೆಯಲ್ಲಿ. ಅದಕ್ಕೂ ಮೊದಲು ಸುಮಾರು ಒಂದೂವರೆ ಸಾವಿರ ವರ್ಷ ಜನ ಊದದೆಯೇ ಗಾಜಿನ ಪಾತ್ರೆ ಮಾಡುತ್ತಿದ್ದರು. ಮೊದಲು ಮೆಸೊಪೊಟೇಮಿಯದಲ್ಲಿ, ಸ್ವಲ್ಪ ತಡವಾಗಿ ಈಜಿಪ್ಟಿನಲ್ಲಿ. ಮೂರನೆಯ ಥುಟ್ಮೋಸ್ ಅರಸನ ಹೆಸರಿರುವ ಒಂದು ಪುಟ್ಟ ಹೂಜಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ತಿಳಿನೀಲಿ ಮೈ, ಹಳದಿ ಮತ್ತು ಬಿಳಿಯ ಅಲಂಕಾರ, ಒಂದು ಹಿಡಿಕೆ. ಸುಮಾರು 3,400 ವರ್ಷ ಹಳೆಯದು. ನಾನು ಗ್ಯಾಸ್ ಟಾರ್ಚಿನ ಉರಿಯಲ್ಲಿ ಗಾಜಿನ ಮಣಿ ಮಾಡುವವಳು. ಆ ಹೂಜಿಯ ಚಿತ್ರವನ್ನು ನೋಡಿದಷ್ಟೂ ನನ್ನನ್ನು ಕಾಡಿದ್ದು ಅದರ ಬಣ್ಣವಲ್ಲ, ಅದರ ಹೊಟ್ಟೆ. ಊದದೆ ಒಳಗಿನ ಟೊಳ್ಳು ಬಂದದ್ದು ಹೇಗೆ?

ಉತ್ತರ ಪುಸ್ತಕಗಳಲ್ಲಿದೆ. ಲೋಹದ ಸಲಾಕೆಯ ತುದಿಯಲ್ಲಿ ಪಾತ್ರೆಯ ಒಳಗಿನ ಆಕಾರದ ತಿರುಳನ್ನು ಮಣ್ಣಿನಿಂದ ಮಾಡಿ, ಅದರ ಮೇಲೆ ಬಿಸಿ ಗಾಜನ್ನು ಹೊದಿಸಿ, ತಣಿದ ಮೇಲೆ ತಿರುಳನ್ನು ಕೆರೆದು ತೆಗೆಯುವುದು. ಓದಲು ಸುಲಭ. ಅಮೆರಿಕದ ಗಾಜುಗಾರ ಡಾಮಿನಿಕ್ ಲಬಿನೊ 1960ರ ದಶಕದಲ್ಲಿ ಇದನ್ನು ಸ್ವತಃ ಮಾಡಿ ನೋಡಿ ಬರೆದಿದ್ದರು. ಗಾಜನ್ನು ಹೊದಿಸುವ ಬಗೆಯ ವಿಷಯದಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಕರಗಿದ ಗಾಜಿನಲ್ಲಿ ಅದ್ದುತ್ತಿದ್ದರು ಎಂದು ಕೆಲವರು, ದಾರದಂತೆ ಸುತ್ತುತ್ತಿದ್ದರು ಎಂದು ಕೆಲವರು, ಗಾಜಿನ ಪುಡಿಯಲ್ಲಿ ಹೊರಳಿಸಿ ಕಾಯಿಸುತ್ತಿದ್ದರು ಎಂದು ಇನ್ನು ಕೆಲವರು. ಈ ಚರ್ಚೆಗೆ ಪುಟಗಟ್ಟಲೆ ಜಾಗ ಸಿಗುತ್ತದೆ, ತಿರುಳಿಗೆ ಒಂದೆರಡು ಸಾಲು. ಕೈಯಾರೆ ಮಾಡಿದ ಮೇಲೆ ನಾನು ಹೇಳುವುದು ಇಷ್ಟು: ಈ ವಿದ್ಯೆಯ ಮುಕ್ಕಾಲು ಭಾಗ ತಿರುಳಿನಲ್ಲೇ ಇದೆ.

ತಿರುಳಿನಿಂದ ನಾವು ಬಯಸುವ ಗುಣಗಳು ಒಂದಕ್ಕೊಂದು ವಿರುದ್ಧ. ಕೆಂಪಗೆ ಕಾಯುವಾಗ ಅದು ಗಟ್ಟಿಯಾಗಿ ನಿಲ್ಲಬೇಕು, ಸಲಾಕೆಯಿಂದ ಜಾರಬಾರದು. ಅದೇ ತಿರುಳು ತಣಿದ ಮೇಲೆ ಪುಡಿಪುಡಿಯಾಗಿ ಸೀಸೆಯ ಕಿರಿದಾದ ಕುತ್ತಿಗೆಯಿಂದ ಹೊರಬರಬೇಕು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ತಣಿಯುವಾಗ ಗಾಜು ಸುಟ್ಟ ಮಣ್ಣಿಗಿಂತ ಹೆಚ್ಚು ಕುಗ್ಗುತ್ತದೆ. ಒಳಗೆ ಬಗ್ಗದ ಗಟ್ಟಿ ತಿರುಳು ಇದ್ದರೆ ಗಾಜು ಅದನ್ನು ಬಿಗಿಯಾಗಿ ಅಪ್ಪಿ, ಕೊನೆಗೆ ತಾನೇ ಸೀಳುತ್ತದೆ. ಬರಿಯ ಜೇಡಿಮಣ್ಣು ಬೆಂದು ಕುಂಬಾರನ ಮಡಕೆಯಂತಾಗಿಬಿಡುತ್ತದೆ, ಆಗದು. ಬರಿಯ ಮರಳು ನಿಲ್ಲುವುದೇ ಇಲ್ಲ.

ದಾರಿ ತೋರಿದ್ದು ಸಗಣಿ. ನಮ್ಮಲ್ಲಿ ಕಂಚಿನ ಎರಕ ಹೊಯ್ಯುವವರು ಅಚ್ಚಿನ ಮಣ್ಣಿಗೆ ಸಗಣಿ, ಹೊಟ್ಟು ಬೆರೆಸುತ್ತಾರೆ. ಅದರ ಕಾರಣ ಇಲ್ಲಿಗೂ ಸಲ್ಲುತ್ತದೆ. ಒಣಗಿಸಿ ಕುಟ್ಟಿ ಜರಡಿ ಹಿಡಿದ ಸಗಣಿ, ಸಣ್ಣ ಹೊಳೆಮರಳು, ಅಂಟಿಗೆ ಬೇಕಾದಷ್ಟೇ ಜೇಡಿಮಣ್ಣು, ಇದು ನನ್ನ ಮಿಶ್ರಣ. ಸಗಣಿಯಲ್ಲಿರುವ ನಾರು ಬೆಂಕಿಯಲ್ಲಿ ಉರಿದು ಹೋಗಿ ಮಣ್ಣಿನೊಳಗೆ ಸಾವಿರಾರು ಸಣ್ಣ ರಂಧ್ರ ಬಿಡುತ್ತದೆ. ಆ ರಂಧ್ರಗಳಿಂದಾಗಿ ಗಾಜು ಕುಗ್ಗಿದಾಗ ತಿರುಳು ಜಗ್ಗುತ್ತದೆ, ಆಮೇಲೆ ಕೆರೆಯಲೂ ಬರುತ್ತದೆ. ಮಿಶ್ರಣವನ್ನು ಕಲಸಿ ಕೆಲವು ದಿನ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಹದ ಚೆನ್ನಾಗಿರುತ್ತದೆ. ಸ್ಟೀಲ್ ಸಲಾಕೆಗೆ ಮೊದಲು ತೆಳ್ಳನೆಯ ಮಣ್ಣಿನ ತಿಳಿ ಹಚ್ಚಿ ಒಣಗಿಸುತ್ತೇನೆ, ಕೊನೆಯಲ್ಲಿ ಸಲಾಕೆ ಸುಲಭವಾಗಿ ಕಳಚಿಕೊಳ್ಳಲಿ ಎಂದು. ಅದರ ಮೇಲೆ ತಿರುಳನ್ನು ಕೈಯಲ್ಲಿ ಒತ್ತಿ, ಹಲಗೆಯ ಮೇಲೆ ಹೊರಳಿಸಿ ಆಕಾರ ಕೊಡುತ್ತೇನೆ. ಹೊರಮೈಗೆ ಕೊನೆಯದಾಗಿ ನುಣ್ಣನೆಯ ಸುಣ್ಣಕಲ್ಲಿನ ಪುಡಿಯ ತೆಳು ಲೇಪ. ಇದರಿಂದ ಗಾಜು ಮಣ್ಣನ್ನು ಅಷ್ಟಾಗಿ ಕಚ್ಚುವುದಿಲ್ಲ.

ನೆರಳಿನಲ್ಲಿ ಚೆನ್ನಾಗಿ ಒಣಗಿದ ಮೇಲೆ ಗೂಡಿನಲ್ಲಿಟ್ಟು ನಿಧಾನವಾಗಿ ಕೆಂಪಗಾಗುವವರೆಗೆ ಸುಡುವುದು. ಇದನ್ನು ಬಿಡುವಂತಿಲ್ಲ. ಸಗಣಿ ಪೂರ್ತಿ ಉರಿದು ಹೋಗಿರದಿದ್ದರೆ ಅದರ ಹೊಗೆ ಗಾಜಿನ ಕೆಳಗೆ ಸಿಕ್ಕಿಕೊಂಡು ಗುಳ್ಳೆ ಏಳಿಸುತ್ತದೆ.

ಗಾಜು ಸುತ್ತುವುದು ಮಣಿ ಮಾಡುವವರಿಗೆ ಪರಿಚಿತ ಕೆಲಸ. ಕಡುನೀಲಿ ಗಾಜಿನ ಕಡ್ಡಿಯನ್ನು ಕರಗಿಸಿ, ತಳದಿಂದ ಮೇಲಕ್ಕೆ, ಸುತ್ತಿನ ಪಕ್ಕಕ್ಕೆ ಸುತ್ತು ತಾಗುವಂತೆ ಹೊದಿಸಿ, ಚಪ್ಪಟೆ ಕಲ್ಲಿನ ಮೇಲೆ ಹೊರಳಿಸಿ ಸಮಮಾಡುತ್ತೇನೆ. ಮಣಿಗಿಂತ ಇಲ್ಲಿ ಬೇರೆಯಾದದ್ದು ತಿರುಳಿನ ಶಾಖ. ಒಮ್ಮೆ ಒಳಗಿನವರೆಗೆ ಕಾದ ಮಣ್ಣು ಬಹಳ ಹೊತ್ತು ಬಿಸಿಯನ್ನು ಹಿಡಿದಿಟ್ಟುಕೊಂಡು ಗಾಜಿಗೆ ಒಳಗಿನಿಂದ ಆಸರೆ ಕೊಡುತ್ತದೆ. ಹಾಗೆಂದು ಮೈಮರೆಯುವಂತಿಲ್ಲ. ಕುತ್ತಿಗೆಯಲ್ಲಿ ಕೆಲಸ ಮಾಡುವಾಗ ತಳ ತಣ್ಣಗಾದರೆ ಟಿಕ್ ಎಂಬ ಸದ್ದು ಕೇಳುತ್ತದೆ, ಅಲ್ಲಿಗೆ ಆ ಸೀಸೆ ಮುಗಿಯಿತು. ಒಂದು ಕೈ ಸಲಾಕೆಯನ್ನು ತಿರುಗಿಸುತ್ತಲೇ ಇರಬೇಕು, ಆಗಾಗ ಇಡೀ ಮೈಯನ್ನು ಉರಿಯಲ್ಲಿ ತೇಲಿಸಬೇಕು.

ಆಮೇಲೆ ಅಲಂಕಾರ. ಬಿಳಿ ಮತ್ತು ಹಳದಿ ಗಾಜಿನ ತೆಳ್ಳನೆಯ ಎಳೆಗಳನ್ನು ನೀಲಿ ಮೈಯ ಸುತ್ತ ಸುತ್ತಿ, ಕಾಯಿಸಿ, ಕಲ್ಲಿನ ಮೇಲೆ ಹೊರಳಿಸಿದರೆ ಅವು ಮೈಯೊಳಗೆ ಇಳಿಯುತ್ತವೆ. ಈಜಿಪ್ಟಿನವರ ನೀಲಿ ಬಂದದ್ದು ಕೋಬಾಲ್ಟಿನಿಂದ ಅಥವಾ ತಾಮ್ರದಿಂದ. ಅಪಾರದರ್ಶಕ ಬಿಳಿ ಮತ್ತು ಹಳದಿ ಎರಡರಲ್ಲೂ ಇದ್ದದ್ದು ಆಂಟಿಮನಿ, ಹಳದಿಗೆ ಜೊತೆಯಲ್ಲಿ ಸೀಸ. ಎಳೆಗಳು ಮೆತ್ತಗಿರುವಾಗಲೇ ಮೊನಚು ಕೊಕ್ಕೆಯಿಂದ ಅಡ್ಡಲಾಗಿ ಎಳೆದರೆ ಗೆರೆಗಳು ಬಾಗುತ್ತವೆ. ಎಲ್ಲ ಎಳೆತವೂ ಒಂದೇ ದಿಕ್ಕಿಗಾದರೆ ತೋರಣದಂತಹ ಸಾಲು ಬರುತ್ತದೆ. ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಎಳೆದರೆ ಗರಿಯ ವಿನ್ಯಾಸ. ಈಜಿಪ್ಟಿನ ಪ್ರಾಚೀನ ನಗರ ಅಮರ್ನಾದಲ್ಲಿ ಸಿಕ್ಕ, ಬ್ರಿಟಿಷ್ ಮ್ಯೂಸಿಯಂನಲ್ಲೇ ಇರುವ ಮೀನಿನ ಆಕಾರದ ಸೀಸೆಯನ್ನು ಈ ಕೊಕ್ಕೆ ಹಿಡಿದ ಮೇಲೆ ನೋಡಬೇಕು. ಸುಮಾರು 14 ಸೆಂಟಿಮೀಟರ್ ಉದ್ದದ ಮೀನು, ತೆರೆದ ಬಾಯಿಯೇ ಸೀಸೆಯ ಬಾಯಿ. ಮೈಮೇಲಿನ ಅಲೆಗಳನ್ನು ಒಂದೇ ದಿಕ್ಕಿಗೆ ಎಳೆದು ಹುರುಪೆಯ ಭಾಸ ತರಿಸಿದ್ದಾರೆ. ಬಿಸಿ ಗಾಜಿನ ಮೇಲೆ ಸಿಗುವ ಆ ಕೆಲವೇ ಗಳಿಗೆಯಲ್ಲಿ ಅಷ್ಟು ಸಮನಾದ ಅಂತರದಲ್ಲಿ ಎಳೆದ ಕೈಗೆ ನಾನು ಮನಸಾರೆ ತಲೆಬಾಗುತ್ತೇನೆ.

ನಾನು ಕಚ್ಚಾ ಗಾಜನ್ನು ಕರಗಿಸುವುದಿಲ್ಲ, ಕಡ್ಡಿ ಕೊಳ್ಳುತ್ತೇನೆ. ಇದು ಹಿಂದಿನವರ ದಾರಿಯಿಂದ ತೀರಾ ದೂರವೇನಲ್ಲ. ಟರ್ಕಿಯ ಉಲುಬುರುನ್ ಬಳಿ ಕ್ರಿ.ಪೂ. 1300ರ ಸುಮಾರಿಗೆ ಮುಳುಗಿದ ಹಡಗಿನಲ್ಲಿ ಸುಮಾರು 175 ಗಾಜಿನ ಗಟ್ಟಿಗಳು ಸಿಕ್ಕಿವೆ, ಕಡುನೀಲಿ, ತಿಳಿನೀಲಿ. ಅಂದರೆ ಗಾಜನ್ನು ಕುದಿಸುವವರು ಒಂದು ಕಡೆ, ಅದಕ್ಕೆ ರೂಪ ಕೊಡುವವರು ಇನ್ನೊಂದು ಕಡೆ ಇರುವುದು ಆಗಲೇ ಸಾಧ್ಯವಾಗಿತ್ತು. ಮೆಡಿಟರೇನಿಯನ್ ಪೂರ್ವ ಕರಾವಳಿಯ ಅಷ್ಕೆಲೋನ್ ನಗರದ ಅರಸ ಯಿದ್ಯ, ಈಜಿಪ್ಟಿನ ದೊರೆ ಫೇರೋ ಕೇಳಿದ್ದಕ್ಕೆ ಗಾಜನ್ನು ಕಳುಹಿಸುತ್ತಿದ್ದೇನೆ ಎಂದು ಬರೆಸಿದ ಜೇಡಿಮಣ್ಣಿನ ಪತ್ರ ಅಮರ್ನಾದಲ್ಲಿ ಸಿಕ್ಕಿದೆ. ಅರಸರ ಪತ್ರದಲ್ಲಿ ಬರುವಷ್ಟು ಬೆಲೆಯ ವಸ್ತು ಅದು.

ಕುತ್ತಿಗೆ, ಅಂಚು, ಪಾದ ಇವನ್ನು ಬೇರೆ ಗಾಜಿನಿಂದ ಸೇರಿಸಿ, ಸೀಸೆಯನ್ನು ಸುಮಾರು 510 ಡಿಗ್ರಿ ಸೆಲ್ಸಿಯಸ್‌ನ ಗೂಡಿಗೆ ಇಟ್ಟು ರಾತ್ರಿಯಿಡೀ ನಿಧಾನವಾಗಿ ತಣಿಸುತ್ತೇನೆ. ಬೆಳಿಗ್ಗೆ ಸಲಾಕೆಯನ್ನು ತಿರುಚಿ ಕಳಚಿ, ಸೀಸೆಯನ್ನು ನೀರಿನಲ್ಲಿ ನೆನೆಹಾಕಿ, ತುದಿ ಬಗ್ಗಿಸಿದ ತಂತಿಯಿಂದ ಮಣ್ಣನ್ನು ಕೆರೆಯುವುದು. ಭುಜದ ಒಳತಿರುವಿಗೆ ತಂತಿ ಸರಿಯಾಗಿ ತಲುಪುವುದಿಲ್ಲ, ಅಲ್ಲಿ ಸ್ವಲ್ಪ ಮಣ್ಣು ಉಳಿದೇ ಉಳಿಯುತ್ತದೆ. ಪ್ರಾಚೀನ ಸೀಸೆಗಳಲ್ಲೂ ಹೀಗೆ ಉಳಿದ ತಿರುಳೇ ಪುರಾತತ್ವಜ್ಞರಿಗೆ ಸಾಕ್ಷಿಯಾಯಿತು. ಒಳಮೈ ಒರಟು, ಮಂಕು. ಬೆಳಕು ತೂರುವ ಗಾಜು ಆಗ ಅಷ್ಟಾಗಿ ಬೇಕಾಗಿರಲಿಲ್ಲ; ಲ್ಯಾಪಿಸ್ ಲಜುಲಿ ಎಂಬ ಬೆಲೆಬಾಳುವ ಕಲ್ಲಿನ ನೀಲಿಗೆ ಸರಿಗಟ್ಟುವ ಗಟ್ಟಿ ಬಣ್ಣದ ಪುಟ್ಟ ಪಾತ್ರೆ ಬೇಕಿತ್ತು, ಸುಗಂಧತೈಲ, ಕಾಡಿಗೆ ತುಂಬಲು.

ಮಾಡಿ ನೋಡುವ ಆಸೆ ಇರುವವರು ಹೆಬ್ಬೆರಳಿನಷ್ಟು ಗಾತ್ರದ ತಿರುಳಿನಿಂದ ಆರಂಭಿಸಲಿ. ಮೈಯ ಗಾಜು ಮತ್ತು ಎಳೆಯ ಗಾಜು ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವ ಜಾತಿಯವಾಗಿರಬೇಕು. ಶಾಖಕ್ಕೆ ಕಡಿಮೆ ಹಿಗ್ಗುವ ಬೊರೋಸಿಲಿಕೇಟ್ ಗಾಜಿನ ಕಡ್ಡಿಯನ್ನು ಸಾಮಾನ್ಯ ಸೋಡಾ ಗಾಜಿನ ಜೊತೆ ಬೆರೆಸಿದರೆ ಸೀಸೆ ಉಳಿಯುವುದಿಲ್ಲ. ತಿರುಳನ್ನು ಸುಡುವ ಗೂಡು ಮನೆಯೊಳಗಲ್ಲ, ಬಯಲಿನಲ್ಲೇ ಇರಲಿ. ಕೆರೆಯುವಾಗ ಮಣ್ಣು ಸದಾ ಒದ್ದೆಯಾಗಿರಲಿ, ಮುಖಕ್ಕೆ ಮಾಸ್ಕ್ ಇರಲಿ. ಮರಳಿನ ಒಣ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು.