ಹುಳುವಿನ ಪುಡಿ ತಿಂದ ಕೋಳಿಯ ಮಾಂಸ: ನನ್ನ ಅನುಭವ

ಕೋಳಿ ಫೀಡ್‌ಗೆ ಹುಳುವಿನ ಪುಡಿ ಬೆರೆಸುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಪ್ರೋಟೀನ್ ಎಷ್ಟಿದೆ ಅಂತ. ಮೊದಲು ಕೊಬ್ಬು ಎಷ್ಟಿದೆ ಅಂತ ಕೇಳಿ. ಮಾಂಸದಲ್ಲಿ ಹೋಗಿ ಕೂರುವುದು ಅದೇ.

ನಾನು ಬಳಸುವುದು ಬ್ಲ್ಯಾಕ್ ಸೋಲ್ಜರ್ ಫ್ಲೈ ಹುಳು. ಇದು ರೆಕ್ಕೆ ಬಂದು ನೊಣವಾದ ಮೇಲೆ ಹೆಚ್ಚುಕಮ್ಮಿ ಏನೂ ತಿನ್ನದೆ ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನ ಮೇಲೇ ಬದುಕುತ್ತದೆ, ಹಾಗಾಗಿ ಹುಳುವಿನಲ್ಲಿ ಕೊಬ್ಬು ಜಾಸ್ತಿ ಇರಲೇಬೇಕು ಅಲ್ವಾ? ಒಣ ಹುಳುವಿನಲ್ಲಿ ಪ್ರೋಟೀನ್ ಸುಮಾರು ಶೇ. 40, ಕೊಬ್ಬು ಶೇ. 30ರ ಆಸುಪಾಸು. ಹುಳುವಿಗೆ ಏನು ಹಾಕುತ್ತೇವೆ ಅನ್ನುವುದರ ಮೇಲೆ ಇದು ಹೆಚ್ಚುಕಮ್ಮಿ ಆಗುತ್ತದೆ. ನಾನು ಹಾಕುವುದು ತರಕಾರಿ ಸಿಪ್ಪೆ ಮತ್ತು ಧಾನ್ಯದ ಹೊಟ್ಟು ಮಾತ್ರ. ಎಲ್ಲಿಂದಲೋ ಬಂದ ಕಸ ಸುರಿಯುವುದಿಲ್ಲ, ಯಾಕೆಂದರೆ ಅದರಲ್ಲಿ ಕ್ಯಾಡ್ಮಿಯಂ ಅನ್ನುವ ವಿಷದ ಲೋಹ ಇದ್ದರೆ ಈ ಹುಳು ಅದನ್ನು ಮೈಯಲ್ಲೇ ಕೂಡಿಸಿಕೊಳ್ಳುತ್ತದೆ.

ಹುಳು ಕೆನೆ ಬಣ್ಣದಲ್ಲಿ ಇರುವಾಗಲೇ ತೆಗೆಯಬೇಕು. ಕಪ್ಪಾಗುತ್ತಾ ಹೋದರೆ ಸಿಪ್ಪೆ ಗಟ್ಟಿಯಾಗುತ್ತದೆ, ಆ ಸಿಪ್ಪೆಯಲ್ಲಿರುವ ಕೈಟಿನ್ ಅನ್ನುವ ನಾರಿನಂಥ ಗಟ್ಟಿ ವಸ್ತು ಕೋಳಿಗೆ ಸರಿಯಾಗಿ ಅರಗುವುದಿಲ್ಲ. ಕುದಿಯುವ ನೀರಿಗೆ ಹಾಕಿ ತೆಗೆದು ಒಣಗಿಸುತ್ತೇನೆ. ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಟಪ್ ಅಂತ ಮುರಿಯಬೇಕು, ಬಾಗಿದರೆ ಒಳಗೆ ಇನ್ನೂ ತೇವ ಇದೆ ಅಂತ ಅರ್ಥ. ಆಮೇಲೆ ಬೆಚ್ಚಗೆ ಮಾಡಿ ಎಣ್ಣೆ ಹಿಂಡಿ ಪುಡಿ ಮಾಡುತ್ತೇನೆ. ಎಣ್ಣೆ ತೆಗೆಯದೆ ಹಾಗೇ ಬಿಟ್ಟರೆ ಪುಡಿ ಮುದ್ದೆ ಕಟ್ಟುತ್ತದೆ, ತುಂಬಾ ದಿನ ಇಟ್ಟರೆ ಕಮಟು ವಾಸನೆ ಶುರುವಾಗುತ್ತದೆ.

ಸೋಯಾ ಹಿಂಡಿ ತೆಗೆದು ಅದೇ ತೂಕಕ್ಕೆ ಹುಳುವಿನ ಪುಡಿ ಹಾಕಿದರೆ ಲೆಕ್ಕ ಕೂಡುವುದಿಲ್ಲ. ಲ್ಯಾಬ್‌ನವರು ನೈಟ್ರೋಜನ್ನನ್ನು 6.25ರಿಂದ ಗುಣಿಸಿ ಪ್ರೋಟೀನ್ ಹೇಳುತ್ತಾರೆ, ಅದರಲ್ಲಿ ಪ್ರೋಟೀನ್ ಅಲ್ಲದ ಕೈಟಿನ್‌ನ ನೈಟ್ರೋಜನ್ ಕೂಡ ಸೇರಿರುತ್ತದೆ. ಈ ಹುಳುವಿಗೆ 4.76ರಿಂದ ಗುಣಿಸುವುದು ಹೆಚ್ಚು ಸರಿ. ಮೆಥಿಯೋನಿನ್ ಅನ್ನುವ ಅಮೈನೋ ಆಮ್ಲವನ್ನು ಬೇರೆ ಸೇರಿಸಬೇಕು. ಹುಳುವಿನಲ್ಲಿ ಕ್ಯಾಲ್ಸಿಯಂ ತುಂಬಾ ಇರುವುದರಿಂದ ಸುಣ್ಣದ ಕಲ್ಲಿನ ಪುಡಿ ಕಡಿಮೆ ಮಾಡುತ್ತೇನೆ. ಒಟ್ಟು ಫೀಡ್‌ನಲ್ಲಿ ಪುಡಿ ಶೇ. 5ರಿಂದ 10. ಶೇ. 15 ದಾಟಿದರೆ ಕೋಳಿಯ ಬೆಳವಣಿಗೆ ಹಿಂದೆ ಬೀಳುತ್ತದೆ.

ಇನ್ನು ಮಾಂಸ. ಹುಳು ತಿಂದ ಕೋಳಿ, ತಿನ್ನದ ಕೋಳಿ, ಎರಡರ ಎದೆ ಮಾಂಸವನ್ನೂ ಉಪ್ಪು ಕೂಡ ಹಾಕದೆ ಸುಮ್ನೆ ಬೇಯಿಸಿ ಮನೆಯವರಿಗೆ ಕೊಟ್ಟೆ, ಯಾವುದು ಯಾವುದು ಅಂತ ಯಾರಿಗೂ ಗೊತ್ತಾಗಲಿಲ್ಲ. ಹಸಿಯಲ್ಲಿ ನೋಡಿದರೆ ಹುಳು ತಿಂದದ್ದು ಸ್ವಲ್ಪ ಕೆಂಪು. ನಿಜವಾದ ವ್ಯತ್ಯಾಸ ಹೊಟ್ಟೆಯ ಕೊಬ್ಬಿನಲ್ಲಿ. ಎಣ್ಣೆ ತೆಗೆಯದ ಪುಡಿ ತಿಂದ ಕೋಳಿಯ ಕೊಬ್ಬು ಫ್ರಿಜ್‌ನಲ್ಲಿಟ್ಟರೆ ಬೆಳ್ಳಗೆ, ಗಟ್ಟಿಯಾಗಿ ನಿಲ್ಲುತ್ತದೆ, ಸೋಯಾ ಎಣ್ಣೆ ತಿಂದದ್ದು ಬೆರಳಿಟ್ಟರೆ ಜಾರುತ್ತದೆ. ಇದಕ್ಕೆ ಕಾರಣ ಲಾರಿಕ್ ಆಮ್ಲ. ತೆಂಗಿನೆಣ್ಣೆಯಲ್ಲಿ ಇರುವುದೂ ಅದೇ, ಈ ಹುಳುವಿನ ಕೊಬ್ಬಿನಲ್ಲೂ ಅದರದ್ದೇ ದೊಡ್ಡ ಪಾಲು. ಅದು ಸ್ಯಾಚುರೇಟೆಡ್ ಕೊಬ್ಬು, ಬೇಗ ಕೆಡುವುದಿಲ್ಲ, ಆದರೆ ಮಾಂಸದಲ್ಲಿ ಅದು ಏರಿದಷ್ಟೂ ಒಮೆಗಾ ಕೊಬ್ಬಿನ ಪಾಲು ಇಳಿಯುತ್ತದೆ. ತಿನ್ನುವವರಿಗೆ ಅದು ಒಳ್ಳೆಯದಲ್ಲ ಅಂತಲೇ ನನ್ನ ಅಭಿಪ್ರಾಯ.

ಅದಕ್ಕೇ ಕೊನೆಯ ವಾರಗಳಲ್ಲಿ ಕೊಡುವ ಫಿನಿಷರ್ ಫೀಡ್‌ಗೆ ಎಣ್ಣೆ ತೆಗೆದ ಪುಡಿ ಬಿಟ್ಟು ಬೇರೆ ಹಾಕುವುದಿಲ್ಲ. ಕೋಳಿ ಮೈಯಲ್ಲಿ ಕೊಬ್ಬು ಕಟ್ಟುವುದು ಹೆಚ್ಚಾಗಿ ಆ ಕೊನೆಯ ವಾರಗಳಲ್ಲೇ.