ಆ್ಯಬಟ್ ಫಿರಂಗಿಯ ಪರದೆ ಕಿತ್ತ ಕಥೆ

ಮಾಡೆಲ್ ಮುಕ್ಕಾಲು ಪಾಲು ಮುಗಿದ ಮೇಲೆ ಗೊತ್ತಾಯಿತು, ಇಷ್ಟು ದಿನ ನಾನು ಮಾಡುತ್ತಿದ್ದದ್ದು ನಮ್ಮ ಸೇನೆ ಕೊಂಡ ಗಾಡಿಯಲ್ಲ, ಬ್ರಿಟಿಷರು ತಮಗಾಗಿ ಮಾಡಿಕೊಂಡದ್ದು ಅಂತ. ಆ ರಾತ್ರಿ ಊಟ ಸೇರಲಿಲ್ಲ.

ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತೆರಡು ವರ್ಷ ಅರ ಹಿಡಿದು ನಿವೃತ್ತನಾದವನು ನಾನು. ಕೈ ಸುಮ್ಮನಿರುವುದಿಲ್ಲ. ಒಂದಕ್ಕೆ ಮೂವತ್ತೈದರ ಅಳತೆಯಲ್ಲಿ ಮಿಲಿಟರಿ ಗಾಡಿಗಳನ್ನು ಮಾಡುವುದು ಅಲ್ಲಿಂದ ಅಂಟಿದ ಚಟ. ರೆಡಿಮೇಡ್ ಕಿಟ್ ತಂದು ಜೋಡಿಸುವುದರಲ್ಲಿ ನನಗೆ ರುಚಿಯಿಲ್ಲ. ಪ್ಲಾಸ್ಟಿಕ್ ಶೀಟ್ ಕತ್ತರಿಸಿ ನಾನೇ ಮಾಡಬೇಕು. ಈ ಸಲ ಕೈಗೆತ್ತಿಕೊಂಡದ್ದು ಆ್ಯಬಟ್. ಟ್ರಕ್ಕಿಗೆ ಕಟ್ಟಿ ಎಳೆಯಬೇಕಿಲ್ಲದ, ತನ್ನ ಟ್ರ್ಯಾಕಿನ ಮೇಲೆ ತಾನೇ ಓಡುವ 105 ಮಿಲಿಮೀಟರ್ ಫಿರಂಗಿ. ವಿಕರ್ಸ್ ಕಂಪನಿ ಕಟ್ಟಿದ್ದು, ಬ್ರಿಟಿಷ್ ಸೇನೆಗೆ ಸೇರಿದ್ದು 1965ರಲ್ಲಿ.

ಹೆಸರಿನ ಬಗ್ಗೆ ಒಂದು ಮಾತು. ಬ್ರಿಟಿಷರು ಇಂಥ ಗಾಡಿಗಳಿಗೆಲ್ಲ ಇಗರ್ಜಿಯ ಹುದ್ದೆಗಳ ಹೆಸರಿಡುತ್ತಿದ್ದರು. ಬಿಷಪ್, ಪ್ರೀಸ್ಟ್, ಡೀಕನ್, ಸೆಕ್ಸ್‌ಟನ್. ಪ್ರೀಸ್ಟ್ ಮೇಲಿದ್ದ ಮೆಷಿನ್‌ಗನ್ನಿನ ಕಟ್ಟೆ ಪಾದ್ರಿಗಳು ಪ್ರವಚನ ಕೊಡುವ ಪೀಠದ ಹಾಗೆ ಕಾಣುತ್ತಿತ್ತಂತೆ. ಆ್ಯಬಟ್ ಎಂದರೆ ಮಠದ ಹಿರಿಯ. ಇದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಅವತ್ತಿನಿಂದ ನನ್ನ ಹೆಂಡತಿ, "ಸ್ವಾಮಿಗಳ ಕೆಲಸ ಎಲ್ಲಿಗೆ ಬಂತು? ಊಟಕ್ಕೆ ಮೇಜು ಯಾವಾಗ ಖಾಲಿಯಾಗುತ್ತೆ?" ಅಂತಲೇ ಕೇಳುತ್ತಾಳೆ.

ಅಳತೆ ಸುಲಭದ್ದು. ನಳಿಗೆ ಸೇರಿ ಉದ್ದ 5.84 ಮೀಟರ್, ಅಂದರೆ ನನಗೆ 167 ಮಿಲಿಮೀಟರ್. ಅಗಲ 2.64 ಮೀಟರ್, ನನಗೆ 75 ಮಿಲಿಮೀಟರ್ ಚಿಲ್ಲರೆ. ಚಾಲಕ ಮುಂದೆ ಬಲಕ್ಕೆ, ಅವನ ಪಕ್ಕದಲ್ಲಿ ಎಂಜಿನ್, ಹಿಂದೆ ಫಿರಂಗಿ ಕೂತ, ಸುತ್ತ ತಿರುಗುವ ದೊಡ್ಡ ಟರೆಟ್, ಪ್ರತಿ ಬದಿಗೆ ಐದು ಗಾಲಿ. ನಳಿಗೆಯ ತೂತು ಸರಿಯಾಗಿ 3 ಮಿಲಿಮೀಟರ್ ಬರಬೇಕು. ಎಸ್.ಪಿ. ರೋಡಿನಲ್ಲಿ ಹಳೇ ಟ್ರಾನ್ಸಿಸ್ಟರಿನ ಆಂಟೆನಾ ಒಂದು ಸಿಕ್ಕಿತು. ಒಂದರೊಳಗೊಂದು ಸೇರುವ ಅದರ ಕೊಳವೆಗಳಲ್ಲಿ ಸಣ್ಣದು ನಳಿಗೆಯಾಯಿತು, ಅದರ ಮೇಲಿನದರ ಒಂದು ತುಂಡು ಗುಂಡಿನ ಹೊಗೆ ಗಾಡಿಯೊಳಗೆ ನುಗ್ಗದಂತೆ ಎಳೆಯುವ ಉಬ್ಬಾಯಿತು. ಗುಂಡು ಹಾರಿದಾಗ ಫಿರಂಗಿ ಹಿಂದಕ್ಕೆ ಒದೆಯುವುದನ್ನು ತಗ್ಗಿಸುವ, ತುದಿಯ ಮಝಲ್ ಬ್ರೇಕನ್ನು ಪೀಣ್ಯದ ಗೆಳೆಯನ ಲೇಥಿನಲ್ಲಿ ಹಿತ್ತಾಳೆಯಲ್ಲಿ ತಿರುಗಿಸಿದೆ. ಟ್ರ್ಯಾಕಿನ ಮಾತು ಬೇಡ. ಒಂದೊಂದೇ ಕೊಂಡಿ ಮಾಡುತ್ತ ಹದಿನೈದು ದಿನ ಹಾಳಾಯಿತು, ಅಷ್ಟೇ.

ಇನ್ನು ಪರದೆ. ಬ್ರಿಟಿಷ್ ಆ್ಯಬಟ್‌ನ ಮೈಯ ಸುತ್ತ, ಮೇಲಂಚಿನಲ್ಲಿ, ಮಡಚಿಟ್ಟ ಒಂದು ಪರದೆ ಇರುತ್ತದೆ. ಅದನ್ನು ಎತ್ತಿ ನಿಲ್ಲಿಸಿದರೆ ಗಾಡಿ ದೋಣಿಯಾಗುತ್ತದೆ. ಟ್ರ್ಯಾಕುಗಳೇ ನೀರನ್ನು ತಳ್ಳಿಕೊಂಡು ನದಿ ದಾಟಿಸುತ್ತವೆ. ಆ ಮಡಿಕೆಗಳನ್ನು ನಾನು ಟಿಶ್ಯೂ ಪೇಪರಿಗೆ ತೆಳು ಅಂಟು ಸವರಿ, ಸೂಜಿಯಿಂದ ಒತ್ತಿ ಒತ್ತಿ ಕೂರಿಸಿದ್ದೆ. ಚೆನ್ನಾಗಿ ಬಂದಿತ್ತು ಕೂಡ. ಆಮೇಲೆ ಓದುತ್ತ ಓದುತ್ತ ತಿಳಿಯಿತು, ಭಾರತ ಕೊಂಡದ್ದು ರಫ್ತಿಗೆಂದೇ ವಿಕರ್ಸ್ ಬೇರೆ ಮಾಡಿದ 'ವ್ಯಾಲ್ಯೂ ಎಂಜಿನಿಯರ್ಡ್ ಆ್ಯಬಟ್'. ಅದಕ್ಕೆ ಪರದೆಯೇ ಇಲ್ಲ.

ವ್ಯಾಲ್ಯೂ ಎಂಜಿನಿಯರಿಂಗ್! ಆ ಶಬ್ದ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. 1940ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಲಾರೆನ್ಸ್ ಮೈಲ್ಸ್ ಹುಟ್ಟುಹಾಕಿದ ಪದ್ಧತಿ ಅದು. ಈ ಭಾಗ ಏನು ಕೆಲಸ ಮಾಡುತ್ತದೆ, ಆ ಕೆಲಸ ನಿಜಕ್ಕೂ ಬೇಕೇ, ಬೇಕಿದ್ದರೆ ಇನ್ನೂ ಅಗ್ಗದಲ್ಲಿ ಆಗುತ್ತದೆಯೇ ಅಂತ ಒಂದೊಂದನ್ನೂ ಕೇಳುವುದು. ನಮ್ಮ ಕಾರ್ಖಾನೆಗೂ ಬಂತು. ಕೆಲಸದ ತುಂಡನ್ನು ಅಲುಗದಂತೆ ಹಿಡಿಯಲು ನಾನು ಮಾಡಿದ ಫಿಕ್ಸ್ಚರ್ ಮುಂದೆ ನಿಂತು ಒಬ್ಬ ಹುಡುಗ, "ಸಾರ್, ನಾಲ್ಕು ಡೋವೆಲ್ ಪಿನ್ ಯಾಕೆ, ಎರಡು ಸಾಲದಾ?" ಅಂದ. ಬೈದು ಕಳಿಸಿದೆ. ಎರಡು ಸಾಕಿತ್ತು.

ವಿಕರ್ಸ್‌ನವರು ಕೇಳಿಕೊಂಡದ್ದೂ ಅದನ್ನೇ. ಮೂಲ ಆ್ಯಬಟ್ ತಯಾರಾದದ್ದು ಜರ್ಮನಿಯಲ್ಲಿ ಸೋವಿಯತ್ ಸೇನೆಯನ್ನು ಎದುರಿಸಲಿಕ್ಕೆ. ಅಲ್ಲಿ ಹೆಜ್ಜೆಗೊಂದು ನದಿ, ಅದಕ್ಕೆ ಪರದೆ. ಅಣುಬಾಂಬಿನ ಧೂಳು, ವಿಷಾನಿಲದ ಭಯ, ಅದಕ್ಕೆ ಗಾಳಿ ಸೋಸುವ ಏರ್ಪಾಡು. ಯುದ್ಧದಲ್ಲಿ ಯಾವ ಎಣ್ಣೆ ಸಿಗುತ್ತದೋ ಯಾರಿಗೆ ಗೊತ್ತು, ಅದಕ್ಕೆ ಡೀಸೆಲ್, ಪೆಟ್ರೋಲ್ ಎರಡನ್ನೂ ಕುಡಿಯುವ ರೋಲ್ಸ್‌ರಾಯ್ಸ್ ಕೆ60 ಎಂಜಿನ್. ಆರು ಸಿಲಿಂಡರ್, ಹನ್ನೆರಡು ಪಿಸ್ಟನ್. ಒಂದೊಂದು ಸಿಲಿಂಡರಿನಲ್ಲಿ ಎರಡು ಪಿಸ್ಟನ್ನುಗಳು ಎದುರುಬದುರಾಗಿ ಬಡಿದಾಡುತ್ತವೆ. ಹೊರದೇಶದ ಗಿರಾಕಿಗೆ ಇವೆಲ್ಲ ಬೇಕೇ? ಪರದೆ ಹೋಯಿತು. ಗಾಳಿ ಸೋಸುವುದು ಹೋಯಿತು. ಎಂಜಿನ್ ಅದೇ, ಆದರೆ ಡೀಸೆಲ್ ಮಾತ್ರ. ಬೇಕೆಂದವರು ದುಡ್ಡು ಕೊಟ್ಟು ಮತ್ತೆ ಹಾಕಿಸಿಕೊಳ್ಳಬಹುದಿತ್ತು. ಕಾರಿನ ಷೋರೂಮಿನಲ್ಲಿ ಬೇಸ್ ಮಾಡೆಲ್ ತೋರಿಸಿ, ಅಲಾಯ್ ವೀಲ್ ಬೇರೆ, ಕ್ಯಾಮೆರಾ ಬೇರೆ ಅನ್ನುತ್ತಾರಲ್ಲ, ಹಾಗೆ.

ಫಿರಂಗಿಗೆ ಮಾತ್ರ ಕತ್ತರಿ ಬೀಳಲಿಲ್ಲ. ಅದೇ ನಳಿಗೆ, ಅದೇ ಗುಂಡು, ಅದೇ 17 ಕಿಲೋಮೀಟರ್ ದೂರ. ಗಿರಾಕಿ ಬಂದದ್ದೇ ಅದಕ್ಕೆ. ಇದು ಅರ್ಥವಾದ ಮೇಲೆ ವಿಕರ್ಸ್ ಮೇಲಿನ ಸಿಟ್ಟು ಇಳಿಯಿತು. ತಮಾಷೆಯೆಂದರೆ, ಹೀಗೆ ಬೋಳಿಸಿದ ಗಾಡಿಗಳನ್ನು ಬ್ರಿಟಿಷ್ ಸೇನೆಯೇ ಕೆನಡಾದ ಸಫೀಲ್ಡ್ ಮೈದಾನದಲ್ಲಿ ತರಬೇತಿಗೆಂದು ಕೆಲವನ್ನು ಕೊಂಡಿತು.

ವಿಕರ್ಸ್ ಕಾಗದದ ಮೇಲೆ ಗೆರೆ ಅಳಿಸಿತು. ನಾನು ಅಂಟಿಸಿದ್ದನ್ನು ಕೀಳಬೇಕಿತ್ತು. ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ಅಂಟು ಅದು, ಬಿಡುವ ಮಾತೇ ಇಲ್ಲ. ಬ್ಲೇಡನ್ನು ಮಲಗಿಸಿ, ಅಂಚಿನುದ್ದಕ್ಕೂ ಕೂದಲೆಳೆಯಷ್ಟೇ ಗೀರುತ್ತ ಹೋದೆ. ಬಲಬದಿ ಸಲೀಸಾಗಿ ಎದ್ದು ಬಂತು. ಎಡಬದಿಯಲ್ಲಿ ಅವಸರಪಟ್ಟೆ. ಪರದೆಯ ಜೊತೆ ಎಂಜಿನ್ ಮೇಲಿನ ತಟ್ಟೆಯ ಒಂದು ಚೂರೂ ಚಕ್ಕೆಯೆದ್ದು ಬಂತು. ಗ್ಯಾರೇಜಿನವರು ಕಾರಿಗೆ ಹಚ್ಚುವ ಪುಟ್ಟಿ ತುಂಬಿ, ಒಂದು ದಿನ ಒಣಗಿಸಿ, ನೀರು ಕಾಗದದಲ್ಲಿ ತಿಕ್ಕಿದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಬೆರಳಾಡಿಸಿದರೆ ನನಗೆ ಈಗಲೂ ಗೊತ್ತಾಗುತ್ತದೆ.

ಪರದೆ ಹೋದ ಮೇಲೆ ಗಾಡಿ ನೋಡಲಿಕ್ಕೆ ಬಡವಾಗಬಹುದು ಅಂದುಕೊಂಡಿದ್ದೆ. ಇಲ್ಲ. ಮುಂಭಾಗದ ಇಳಿಜಾರು ಸ್ವಚ್ಛವಾಗಿ ಕಂಡಿತು, ಟರೆಟ್ ಇನ್ನಷ್ಟು ದೊಡ್ಡದಾದಂತೆ ಅನಿಸಿತು.

ದಸರೆಯಲ್ಲಿ ನನ್ನವಳು, ನಾನು ಬೇಡ ಬೇಡ ಅಂದರೂ, ಅದನ್ನು ಗೊಂಬೆ ಮೆಟ್ಟಿಲ ಮೇಲೆ, ಪಟ್ಟದ ಗೊಂಬೆಗಳ ಕೆಳಗಿನ ಸಾಲಿನಲ್ಲಿಟ್ಟಳು. ಬೊಂಬೆ ಬಾಗಿನಕ್ಕೆ ಬಂದ ಪಕ್ಕದ ಮನೆ ಹುಡುಗನಿಗೆ ನಾನು ಸಂಭ್ರಮದಿಂದ ಪರದೆಯ ಕಥೆಯನ್ನೆಲ್ಲ ಹೇಳಿದೆ. ಕೇಳಿ, ಬಾಯಲ್ಲಿ ಚಕ್ಕುಲಿ ಇಟ್ಟುಕೊಂಡೇ, "ಯಾಕೆ ತಾತ, ನಮ್ಮಲ್ಲಿ ನದಿ ಇಲ್ವಾ?" ಅಂದ.

"ಇವೆ ಕಣೋ. ತೇಲೋದಕ್ಕೆ ಪಿಟಿ-76 ಅಂತ ಬೇರೆ ಟ್ಯಾಂಕ್ ಇತ್ತು," ಅಂದೆ.

"ಹಾಗಾದ್ರೆ ಇದು ಆ ಕಡೆ ದಡಕ್ಕೆ ಹೇಗೆ ಹೋಗುತ್ತೆ?"

"ಸೇತುವೆ ಹಾಕ್ತಾರೆ," ಅಂದೆ. ಅವನು ಮೆಟ್ಟಿಲ ಮೇಲೆಲ್ಲ ಕಣ್ಣಾಡಿಸಿ ಸೇತುವೆ ಹುಡುಕಿದ.